ಲಿನಕ್ಸ್ ಗಣಕದ ಮೂಲವಿಭಾಗದಲ್ಲಿ ಸ್ಥಳಾಭಾವ: ಕಾರಣ ಮತ್ತು ಪರಿಹಾರ

೧. ವಿಷಯ ಪ್ರವೇಶ

ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ ಗಣಕಗಳು ಇಂದು ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ಅಧ್ಯಾಪಕರ ಮೇಜುಗಳ ಮೇಲೂ ಕಾಣಬರುತ್ತವೆ. ಅವುಗಳಲ್ಲಿ ಮೇಲಿಂದ ಮೇಲೆ ತಲೆದೋರುವ ತೊಂದರೆಗಳಲ್ಲಿ ಮೂಲವಿಭಾಗದಲ್ಲಿ ಸ್ಥಳ ಮುಗಿದುಹೋಗುವುದು ಒಂದು. ಡಿಸ್ಕಿನ ಬೇರೊಂದು ಭಾಗದಲ್ಲಿ ನೂರಾರು ಗಿಗಾಬೈಟುಗಳು ಬರಿದಾಗಿ ಬಿದ್ದಿರುವಾಗಲೇ ವ್ಯವಸ್ಥೆ ನೆಲಸಿರುವ ಭಾಗದಲ್ಲಿ ಒಂದು ಪುಟ ಬರೆಯಲೂ ಎಡೆಯಿಲ್ಲದಂತಾಗುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಈ ಸ್ಥಿತಿ ಏಕೆ ಒದಗುತ್ತದೆ, ಒದಗಿದಾಗ ಏನನ್ನು ತೆಗೆಯಬಹುದು, ಏನನ್ನು ಮುಟ್ಟಲಾಗದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಮೂಲವಿಭಾಗ ತುಂಬಿದಾಗ ತಂತ್ರಾಂಶಗಳ ನವೀಕರಣ ನಡುವೆಯೇ ನಿಂತು, ಅರ್ಧ ಹೊಸದು ಅರ್ಧ ಹಳೆಯದು ಎಂಬ ಸ್ಥಿತಿ ಉಂಟಾಗುತ್ತದೆ. ಭದ್ರತೆಗೆ ಅವಶ್ಯವಾದ ತಿದ್ದುಪಡಿಗಳು ಬಂದು ಸೇರಲಾರವು. ಕೆಲವೊಮ್ಮೆ ಗುಪ್ತಪದವನ್ನು ಸರಿಯಾಗಿ ಕೊಟ್ಟರೂ ಚಿತ್ರಪರದೆ ತೆರೆಯದೆ ಪ್ರವೇಶದ ಪುಟಕ್ಕೇ ಹಿಂದಿರುಗುತ್ತದೆ. ಇದಕ್ಕಿಂತ ಗುರುತರವಾದ ಹಾನಿ ಇನ್ನೊಂದುಂಟು. ಕೆಲವು ತಂತ್ರಾಂಶಗಳು ಕಡತವನ್ನು ಉಳಿಸುವಾಗ ಹಳೆಯದನ್ನು ಮೊದಲು ಬರಿದು ಮಾಡಿ, ಅನಂತರ ಹೊಸದನ್ನು ಬರೆಯತೊಡಗುತ್ತವೆ. ಬಳಕೆದಾರರ ಕಡತಗಳೂ ಅದೇ ವಿಭಾಗದಲ್ಲಿದ್ದು, ಆ ಗಳಿಗೆಯಲ್ಲಿ ಸ್ಥಳ ತೀರಿದರೆ, ವಿದ್ಯಾರ್ಥಿಯ ಹಳೆಯ ಬರಹವೂ ಉಳಿಯದು, ಹೊಸದೂ ಉಳಿಯದು. ಆದಕಾರಣ ಈ ವಿಷಯದ ಸಾಮಾನ್ಯ ಜ್ಞಾನ ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ಗಣಕವನ್ನು ಬಳಸುವ ಎಲ್ಲರಿಗೂ ಅವಶ್ಯವೆಂದು ನಾವು ಭಾವಿಸುತ್ತೇವೆ.

ಆಜ್ಞೆಗಳ ಹಾಗೂ ಕಡತಕೋಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ಅನುಸಾರವಾಗಿ ಕನ್ನಡದಲ್ಲಿಯೇ ಕೊಟ್ಟಿದ್ದೇವೆ. ವಿಶೇಷವಾಗಿ ಹೇಳದ ಕಡೆಗಳಲ್ಲೆಲ್ಲ ಅವನ್ನು ರೋಮನ್ ಲಿಪಿಯ ಚಿಕ್ಕಕ್ಷರಗಳಲ್ಲಿ ಬೆರಳಚ್ಚು ಮಾಡಬೇಕು.

೨. ಇಕ್ಕಟ್ಟಿನ ಮೂಲ

ಒಂದು ಡಿಸ್ಕನ್ನು ಹಲವು ವಿಭಾಗಗಳಾಗಿ ಹಂಚುವ, ಅಥವಾ ಹಲವು ಡಿಸ್ಕುಗಳನ್ನು ಒಂದೇ ವೃಕ್ಷದ ಕೊಂಬೆಗಳಂತೆ ಕೂಡಿಸುವ ಪದ್ಧತಿ ಲಿನಕ್ಸಿಗೆ ಅದರ ಪೂರ್ವಿಕವಾದ ಯೂನಿಕ್ಸ್ ವ್ಯವಸ್ಥೆಯಿಂದ ಬಂದದ್ದು. ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಅವರು ೧೯೭೪ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಬೆಲ್ ಪ್ರಯೋಗಾಲಯದ ಪಿಡಿಪಿ-೧೧ ಯಂತ್ರದ ವರ್ಣನೆಯಿದೆ. ಅದರಲ್ಲಿ ಒಂದು ಮೆಗಾಬೈಟಿನ ಸ್ಥಿರಶಿರದ ಡಿಸ್ಕು ಒಂದು, ಎರಡೂವರೆ ಮೆಗಾಬೈಟಿನ ಡಿಸ್ಕುಗಳು ನಾಲ್ಕು, ೪೦ ಮೆಗಾಬೈಟಿನ ದೊಡ್ಡ ಡಿಸ್ಕು ಒಂದು ಇದ್ದವು. ಕಡತವ್ಯವಸ್ಥೆಯ ಮೂಲವನ್ನು ಸಣ್ಣದಾದರೂ ವೇಗಶಾಲಿಯಾದ ಸ್ಥಿರಶಿರದ ಡಿಸ್ಕಿನಲ್ಲಿರಿಸಿ, ಬಳಕೆದಾರರ ಕಡತಗಳನ್ನು ದೊಡ್ಡ ಡಿಸ್ಕಿನಲ್ಲಿರಿಸಿದ್ದರು. ಹೀಗೆ ಒಂದು ಡಿಸ್ಕನ್ನು ವೃಕ್ಷದ ಒಂದು ಕೊಂಬೆಗೆ ಕೂಡಿಸುವ ಕ್ರಿಯೆಗೆ ಮೌಂಟ್ ಮಾಡುವುದು ಎಂದು ಹೆಸರು. ‘ಮೂಲ ಚಿಕ್ಕದು, ಮನೆ ದೊಡ್ಡದು’ ಎಂಬ ಇಂದಿನ ಹಂಚಿಕೆಯನ್ನು ಅಂದಿನ ಆ ಯಂತ್ರದಲ್ಲಿಯೇ ಕಾಣಬಹುದು.

೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರಿಂದ ಆರಂಭವಾದ ಲಿನಕ್ಸ್ ಈ ಪದ್ಧತಿಯನ್ನು ಉಳಿಸಿಕೊಂಡಿತು. ವ್ಯವಸ್ಥೆಯನ್ನು ಸ್ಥಾಪಿಸುವವರು ಮೂಲವಿಭಾಗಕ್ಕೆ ಇಪ್ಪತ್ತೋ ಮೂವತ್ತೋ ಗಿಗಾಬೈಟುಗಳನ್ನು ಕೊಟ್ಟು, ಉಳಿದುದನ್ನು ಬಳಕೆದಾರರ ‘ಹೋಮ್’ ಕೋಶಕ್ಕೆ ಬಿಡುವುದುಂಟು. ಅದೇ ಡಿಸ್ಕಿನಲ್ಲಿ ವಿಂಡೋಸ್ ಕೂಡ ಇದ್ದರೆ ಲಿನಕ್ಸಿನ ಪಾಲು ಇನ್ನೂ ಕಿರಿದಾಗುತ್ತದೆ. ಈ ಹಂಚಿಕೆಯಲ್ಲಿ ಒಂದು ವಿವೇಕವಿದೆ: ಬಳಕೆದಾರನು ತನ್ನ ಕೋಶವನ್ನು ಎಷ್ಟೇ ತುಂಬಿದರೂ ವ್ಯವಸ್ಥೆ ಉಸಿರುಗಟ್ಟುವುದಿಲ್ಲ, ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದರೂ ಬಳಕೆದಾರನ ಕಡತಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆದರೆ ಸ್ಥಾಪನೆಯ ದಿನ ಸಾಕೆನಿಸಿದ ಅಳತೆ ಅನಂತರವೂ ಸಾಕಾಗುತ್ತದೆಂದು ಹೇಳಲಾಗದು. ಮೂಲವಿಭಾಗದಲ್ಲಿರುವ ‘ವಾರ್’ ಎಂಬ ಕೋಶವು, ಅದರ ಹೆಸರೇ ಸೂಚಿಸುವಂತೆ, ಬದಲಾಗುತ್ತಿರುವ ವಸ್ತುಗಳಿಗೆ ಮೀಸಲಾದದ್ದು. ಅಲ್ಲಿ ದಿನಚರಿಗಳು, ಇಳಿಸಿಕೊಂಡ ತಂತ್ರಾಂಶದ ಗಂಟುಗಳು, ದತ್ತಸಂಚಯಗಳು ಮೆಲ್ಲಮೆಲ್ಲನೆ ಬೆಳೆಯುತ್ತಲೇ ಇರುತ್ತವೆ.

೩. ಅಳೆಯುವ ಕ್ರಮ

ಅಳೆಯುವ ಮುನ್ನ ಅಳಿಸಬಾರದು ಎಂಬುದು ಇಲ್ಲಿ ಮೊದಲನೆಯ ನಿಯಮ. ಅಳೆಯಲು ಎರಡು ಸಾಧನಗಳುಂಟು. ‘ಡಿಎಫ್’ ಎಂಬ ಆಜ್ಞೆ ಕಡತವ್ಯವಸ್ಥೆಯ ಲೆಕ್ಕದ ಪುಸ್ತಕವನ್ನು ನೋಡಿ, ಒಟ್ಟು ಎಷ್ಟು, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಹೇಳುತ್ತದೆ. ‘ಡಿಯು’ ಎಂಬ ಆಜ್ಞೆಯಾದರೋ ಕೋಶಕೋಶವನ್ನೂ ಹೊಕ್ಕು, ಅಲ್ಲಿ ಕಂಡ ಕಡತಗಳ ಗಾತ್ರಗಳನ್ನು ಕೂಡಿಸುತ್ತದೆ. ಮೊದಲನೆಯದು ಉಗ್ರಾಣದ ಖಾತೆಯನ್ನು ಓದಿದಂತೆ. ಎರಡನೆಯದು ಉಗ್ರಾಣದೊಳಗೆ ನಡೆದು ಮೂಟೆಗಳನ್ನು ಎಣಿಸಿದಂತೆ. ‘ಡಿಯು’ವಿಗೆ ‘ಎಕ್ಸ್’ ಎಂಬ ಸೂಚನಾಕ್ಷರವನ್ನು ಅಡ್ಡಗೆರೆಯೊಡನೆ ಕೊಡುವುದು ಅವಶ್ಯ. ಇಲ್ಲವಾದರೆ ಅದು ಮೂಲವಿಭಾಗದ ಎಲ್ಲೆಯನ್ನು ದಾಟಿ ‘ಹೋಮ್’ ಮೊದಲಾದ ಇತರ ವಿಭಾಗಗಳನ್ನೂ ಎಣಿಸಿಬಿಡುತ್ತದೆ. ಇದನ್ನು ಆಡಳಿತಾಧಿಕಾರವುಳ್ಳ ಬಳಕೆದಾರನಾಗಿಯೇ ನಡೆಸಬೇಕು. ಅಧಿಕಾರವಿಲ್ಲದವನಿಗೆ ಹಲವು ಕೋಶಗಳ ಬಾಗಿಲು ತೆರೆಯುವುದಿಲ್ಲ.

ಈ ಎರಡು ಲೆಕ್ಕಗಳೂ ಹೊಂದಿಕೆಯಾಗದಿರುವುದುಂಟು. ಉದಾಹರಣೆಗಾಗಿ, ೨೫ ಗಿಗಾಬೈಟಿನ ಒಂದು ಮೂಲವಿಭಾಗವನ್ನು ಊಹಿಸೋಣ. ‘ಡಿಎಫ್’ ಪ್ರಕಾರ ಬಳಸಿದ್ದು ಸುಮಾರು ೨೩.೭೫, ಉಳಿದದ್ದು ಸೊನ್ನೆ. ‘ಡಿಯು’ ಎಣಿಸಿದ್ದು ಕೇವಲ ೧೭. ಇಲ್ಲಿ ಎರಡು ಅಂತರಗಳಿವೆ; ಅವುಗಳ ಕಾರಣಗಳೂ ಬೇರೆಬೇರೆ.

ಒಟ್ಟು ಗಾತ್ರಕ್ಕೂ ಬಳಸಿದ್ದಕ್ಕೂ ನಡುವಣ ೧.೨೫ ಗಿಗಾಬೈಟು ಕಳೆದುಹೋದದ್ದಲ್ಲ, ಕಾದಿರಿಸಿದ್ದು. ಲಿನಕ್ಸಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಎಕ್ಸ್ಟ್-೪’ ಕಡತವ್ಯವಸ್ಥೆ ತನ್ನ ಸ್ಥಳದಲ್ಲಿ ಶೇಕಡ ೫ರಷ್ಟನ್ನು ಆಡಳಿತಾಧಿಕಾರಿಯ ಬಳಕೆಗೆಂದು ತಾನಾಗಿಯೇ ಮೀಸಲಿಡುತ್ತದೆ. ಸಾಮಾನ್ಯ ಬಳಕೆದಾರನಿಗೆ ಸ್ಥಳ ಮುಗಿದ ಮೇಲೂ ವ್ಯವಸ್ಥೆಯ ಮುಖ್ಯ ಸೇವೆಗಳು ನಡೆಯುತ್ತಿರಲಿ, ಕಡತಗಳು ಅತಿಯಾಗಿ ಚೂರುಚೂರಾಗದಿರಲಿ ಎಂಬುದೇ ಇದರ ಉದ್ದೇಶ. ‘ಟ್ಯೂನ್-೨-ಎಫ್‌ಎಸ್’ ಎಂಬ ಆಜ್ಞೆಯಿಂದ ಈ ಪ್ರಮಾಣವನ್ನು ತಗ್ಗಿಸಬಹುದು. ಬರಿಯ ದತ್ತಾಂಶಗಳಿಗಾಗಿರುವ ವಿಭಾಗದಲ್ಲಿ ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ಮೂಲವಿಭಾಗದಲ್ಲಿ ಮಾತ್ರ ಈ ಮೀಸಲನ್ನು ಪೂರ್ಣವಾಗಿ ಕರಗಿಸುವುದು ಬಿತ್ತನೆಯ ಕಾಳನ್ನು ಉಂಡಂತೆ.

ಬಳಸಿದ್ದು ೨೩.೭೫, ಕಂಡದ್ದು ೧೭ ಎಂಬ ಎರಡನೆಯ ಅಂತರ ಹೆಚ್ಚು ಕುತೂಹಲಕರವಾದದ್ದು. ಕಣ್ಣಿಗೆ ಬೀಳದ ಆ ಆರೂಮುಕ್ಕಾಲು ಗಿಗಾಬೈಟಿಗೆ ಮುಖ್ಯವಾಗಿ ಎರಡು ಕಾರಣಗಳಿರಬಹುದು.

ಮೊದಲನೆಯದು, ಅಳಿಸಿದರೂ ಅಳಿಯದ ಕಡತ. ಯೂನಿಕ್ಸ್ ಸಂಪ್ರದಾಯದಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ. ‘ಆರ್‌ಎಂ’ ಆಜ್ಞೆ ಅಳಿಸುವುದು ಹೆಸರನ್ನು ಮಾತ್ರ. ಕೊನೆಯ ಹೆಸರು ಹೋಗಿ, ಆ ಕಡತವನ್ನು ತೆರೆದಿಟ್ಟುಕೊಂಡಿರುವ ಕೊನೆಯ ಕಾರ್ಯವೂ ಅದನ್ನು ಮುಚ್ಚಿದ ಮೇಲೆಯೇ ಸ್ಥಳ ಬಿಡುಗಡೆಯಾಗುತ್ತದೆ. ಸೇವೆಯೊಂದು ಬರೆಯುತ್ತಲೇ ಇರುವ ಭಾರಿ ದಿನಚರಿಯನ್ನು ಅಳಿಸಿದಾಗ ಹೆಸರು ಮಾಯವಾಗುತ್ತದೆ, ಭಾರ ಉಳಿಯುತ್ತದೆ. ‘ಎಲ್‌ಎಸ್‌ಒಎಫ್’ ಎಂಬ ಆಜ್ಞೆಗೆ ಸಂಕಲನ ಚಿಹ್ನೆ, ದೊಡ್ಡಕ್ಷರದ ‘ಎಲ್’, ಒಂದು ಎಂಬ ಅಂಕಿ ಇವನ್ನು ಒಟ್ಟಾಗಿ ಸೇರಿಸಿ ಕೊಟ್ಟರೆ ಇಂಥ ಅನಾಮಧೇಯ ಕಡತಗಳ ಪಟ್ಟಿ ದೊರೆಯುತ್ತದೆ. ಸಂಬಂಧಪಟ್ಟ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದೊಡನೆ ಸ್ಥಳ ಹಿಂದಿರುಗುತ್ತದೆ. ಬಳಕೆಯಲ್ಲಿರುವ ದಿನಚರಿಯನ್ನು ಅಳಿಸುವ ಬದಲು ‘ಟ್ರಂಕೇಟ್’ ಆಜ್ಞೆಯಿಂದ ಅದರ ಉದ್ದವನ್ನು ಸೊನ್ನೆಗೆ ಇಳಿಸುವುದು ಲೇಸೆಂಬುದು ಇದರಿಂದಲೇ ತಿಳಿಯುತ್ತದೆ.

ಎರಡನೆಯದು, ಮೌಂಟಿನ ಅಡಿಯಲ್ಲಿ ಹುದುಗಿದ ಕಡತಗಳು. ಹೊರಗಿನ ಡಿಸ್ಕೊಂದನ್ನು ಪ್ರತಿರಾತ್ರಿ ಒಂದು ಕೋಶಕ್ಕೆ ಕೂಡಿಸಿ, ಅದಕ್ಕೆ ಕಡತಗಳ ಪ್ರತಿ ತೆಗೆಯುವ ಏರ್ಪಾಡಿದೆ ಎಂದಿಟ್ಟುಕೊಳ್ಳೋಣ. ಒಂದು ರಾತ್ರಿ ಡಿಸ್ಕು ಕೂಡಿಕೊಳ್ಳದೆ ಹೋದರೆ, ಪ್ರತಿಗಳೆಲ್ಲ ಆ ಬರಿಯ ಕೋಶದಲ್ಲಿ, ಎಂದರೆ ಮೂಲವಿಭಾಗದಲ್ಲಿಯೇ, ಬಂದು ಬೀಳುತ್ತವೆ. ಮರುದಿನ ಡಿಸ್ಕು ಕೂಡಿದಾಗ ಅವು ಅದರ ಕೆಳಗೆ ಮುಚ್ಚಿಹೋಗುತ್ತವೆ. ಹಾಸಿದ ಜಮಖಾನೆಯ ಅಡಿಯಲ್ಲಿನ ಕಾಗದದಂತೆ ಇದ್ದರೂ ಕಾಣವು. ಮೂಲವಿಭಾಗವನ್ನು ‘ಬೈಂಡ್’ ಎಂಬ ವಿಧಾನದಿಂದ ಇನ್ನೊಂದು ಖಾಲಿ ಕೋಶದಲ್ಲಿಯೂ ಮೌಂಟ್ ಮಾಡಿ ಅಲ್ಲಿ ‘ಡಿಯು’ ನಡೆಸಿದರೆ ಇವು ಬಯಲಿಗೆ ಬರುತ್ತವೆ.

ಇನ್ನೊಂದು ಅಪರೂಪದ ಸಂದರ್ಭವನ್ನೂ ಗಮನಿಸಬೇಕು. ಗಿಗಾಬೈಟುಗಳು ಉಳಿದಿದ್ದರೂ ‘ಸ್ಥಳವಿಲ್ಲ’ ಎಂಬ ಉತ್ತರವೇ ಬರುವುದುಂಟು. ‘ಎಕ್ಸ್ಟ್-೪’ನಲ್ಲಿ ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ಒಂದು ದಾಖಲೆ ಬೇಕು, ಇವುಗಳ ಸಂಖ್ಯೆ ವಿಭಾಗವನ್ನು ಸಿದ್ಧಪಡಿಸುವಾಗಲೇ ಗೊತ್ತಾಗಿಬಿಡುತ್ತದೆ. ಸಾಮಾನ್ಯ ಏರ್ಪಾಡಿನಲ್ಲಿ ೧೬,೩೮೪ ಬೈಟುಗಳಿಗೆ ಒಂದರಂತೆ, ೨೫ ಗಿಗಾಬೈಟಿನ ವಿಭಾಗಕ್ಕೆ ಸುಮಾರು ೧೬ ಲಕ್ಷ ೩೮ ಸಾವಿರ ಐನೋಡುಗಳು ದೊರೆಯುತ್ತವೆ. ಲಕ್ಷಗಟ್ಟಲೆ ಸಣ್ಣ ಕಡತಗಳನ್ನು ಸೃಷ್ಟಿಸುವ ತಂತ್ರಾಂಶವೊಂದು ಇವನ್ನು ಮುಗಿಸಬಲ್ಲದು. ‘ಡಿಎಫ್’ಗೆ ಅಡ್ಡಗೆರೆಯೊಡನೆ ‘ಐ’ ಅಕ್ಷರವನ್ನು ಕೊಟ್ಟರೆ ಈ ಲೆಕ್ಕ ತಿಳಿಯುತ್ತದೆ.

೪. ತೆಗೆಯಬಹುದಾದವುಗಳ ವರ್ಗೀಕರಣ

ಅಳತೆಯಾದ ಮೇಲೆ, ಕಂಡ ವಸ್ತುಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ಒಳ್ಳೆಯದು. ಮತ್ತೆ ತರಿಸಿಕೊಳ್ಳಬಹುದಾದವು ಮೊದಲನೆಯ ವರ್ಗ. ಮತ್ತೆ ಬಾರದಿದ್ದರೂ ಹಳತಾದಂತೆ ಬೆಲೆ ಕುಗ್ಗುವ ದಾಖಲೆಗಳು ಎರಡನೆಯ ವರ್ಗ. ಹೋದರೆ ಹೋದವೇ ಎಂಬಂಥವು ಮೂರನೆಯ ವರ್ಗ. ಗಾತ್ರದಲ್ಲಿ ದೊಡ್ಡದೆಂಬ ಕಾರಣದಿಂದಲ್ಲ, ಯಾವ ವರ್ಗಕ್ಕೆ ಸೇರಿದುದೆಂಬ ಕಾರಣದಿಂದ ತೆಗೆಯುವ ತೀರ್ಮಾನ ಮಾಡಬೇಕು. ಮೂರು ಗಿಗಾಬೈಟಿನ ಕ್ಯಾಶ್ ಹೋದರೆ ನಷ್ಟವಾಗುವುದು ಕೆಲವು ನಿಮಿಷಗಳ ಕಾಲ. ಮೂರು ಮೆಗಾಬೈಟಿನ ದತ್ತಸಂಚಯ ಹೋದರೆ ಒಂದು ವರ್ಷದ ಪ್ರಯೋಗದ ಫಲವೇ ಹೋಗಬಹುದು.

ಮೊದಲನೆಯ ವರ್ಗದಲ್ಲಿ ಅಗ್ರಸ್ಥಾನ ತಂತ್ರಾಂಶದ ಗಂಟುಗಳ ಕ್ಯಾಶಿಗೆ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ‘ಎಪಿಟಿ-ಗೆಟ್’ ಆಜ್ಞೆಯ ಮೂಲಕ ಇಳಿಸಿಕೊಂಡ ಗಂಟುಗಳು, ಸ್ಥಾಪನೆ ಮುಗಿದ ಮೇಲೂ ‘ವಾರ್’ನೊಳಗಿನ ‘ಕ್ಯಾಶ್’ ಕೋಶದಲ್ಲಿ ಉಳಿಯುತ್ತವೆ. ‘ಎಪಿಟಿ ಕ್ಲೀನ್’ ಆಜ್ಞೆ ಅವನ್ನೆಲ್ಲ ತೆಗೆಯುತ್ತದೆ. ಸ್ಥಾಪಿತವಾದ ತಂತ್ರಾಂಶಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಫೆಡೋರಾದಲ್ಲಿ ‘ಡಿಎನ್‌ಎಫ್ ಕ್ಲೀನ್ ಆಲ್’ ಎಂಬುದು ಇದೇ ಕೆಲಸವನ್ನು ಮಾಡುತ್ತದೆ. ಆರ್ಚ್ ಲಿನಕ್ಸಿನಲ್ಲಿ ‘ಪ್ಯಾಕ್-ಕ್ಯಾಶ್’ ಎಂಬ ಉಪಕರಣವು ಪ್ರತಿಯೊಂದು ಗಂಟಿನ ಇತ್ತೀಚಿನ ಮೂರು ಆವೃತ್ತಿಗಳನ್ನು ಉಳಿಸಿ ಹಿಂದಿನವನ್ನು ತೆಗೆಯುತ್ತದೆ. ವಿಭಾಗ ಸಂಪೂರ್ಣವಾಗಿ ತುಂಬಿದಾಗ ಇದನ್ನೇ ಮೊದಲು ಮಾಡಬೇಕು. ಏಕೆಂದರೆ ಬೇರೆ ಹಲವು ಕ್ರಮಗಳಿಗೆ ಅಲ್ಪಸ್ವಲ್ಪ ಸ್ಥಳ ಮೊದಲೇ ಬೇಕಾಗುತ್ತದೆ, ಇದಕ್ಕೆ ಬೇಕಾಗುವುದಿಲ್ಲ.

ಅನಂತರದ್ದು ಹಳೆಯ ಕರ್ನೆಲುಗಳು. ವ್ಯವಸ್ಥೆಯ ತಿರುಳಾದ ಕರ್ನೆಲ್ ನವೀಕರಣಗೊಂಡಾಗ ಹಳೆಯದು ಅಳಿಯದೆ ಪಕ್ಕದಲ್ಲಿಯೇ ಉಳಿಯುತ್ತದೆ. ಹೊಸದು ಕೈಕೊಟ್ಟರೆ ಹಳೆಯದರಿಂದ ಗಣಕವನ್ನು ಎಬ್ಬಿಸಲೆಂದೇ ಈ ಏರ್ಪಾಡು. ಒಂದೊಂದು ಕರ್ನೆಲೂ ತನ್ನ ಮಾಡ್ಯೂಲುಗಳೊಡನೆ ನೂರಾರು ಮೆಗಾಬೈಟುಗಳನ್ನು ಆಕ್ರಮಿಸಬಹುದು. ಫೆಡೋರಾ ಸಾಮಾನ್ಯವಾಗಿ ಮೂರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಡೆಬಿಯನ್ ಬಳಗದಲ್ಲಿ ‘ಎಪಿಟಿ ಆಟೋರಿಮೂವ್’ ಎಂಬ ಆಜ್ಞೆ ಬೇಡವಾದವನ್ನು ತೆಗೆಯುತ್ತದೆ. ಈ ಆಜ್ಞೆ ತೋರಿಸುವ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬಾರದು. ‘ಯುನೇಮ್’ ಆಜ್ಞೆಗೆ ಅಡ್ಡಗೆರೆಯೊಡನೆ ‘ಆರ್’ ಅಕ್ಷರವನ್ನು ಕೊಟ್ಟು, ಈಗ ನಡೆಯುತ್ತಿರುವ ಕರ್ನೆಲ್ ಯಾವುದೆಂದು ತಿಳಿದು, ಅದನ್ನೂ ಅದರ ಹಿಂದಿನ ಒಂದನ್ನೂ ಉಳಿಸಿಕೊಳ್ಳಬೇಕು. ‘ಬೂಟ್’ ಕೋಶಕ್ಕೆ ನೇರವಾಗಿ ಹೋಗಿ ಕಡತಗಳನ್ನು ಕೈಯಿಂದ ಅಳಿಸುವುದು ಅಪಾಯಕರ. ಗಂಟುಗಳ ಲೆಕ್ಕವೊಂದು, ಡಿಸ್ಕಿನ ಸ್ಥಿತಿಯೊಂದು ಆಗಿ ಮುಂದಿನ ನವೀಕರಣ ಕೆಡುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದ ಸ್ನ್ಯಾಪ್ ಮತ್ತು ಫ್ಲಾಟ್‌ಪ್ಯಾಕ್ ಪದ್ಧತಿಗಳು ಅನ್ವಯಗಳನ್ನು ಅವುಗಳ ಪರಿವಾರಸಹಿತವಾಗಿ ತರುವುದರಿಂದ ಹೆಚ್ಚು ಸ್ಥಳ ಬೇಡುತ್ತವೆ. ಸ್ನ್ಯಾಪ್ ಹಳೆಯ ಆವೃತ್ತಿಯೊಂದನ್ನು ಉಳಿಸಿಕೊಂಡಿರುತ್ತದೆ. ಫ್ಲಾಟ್‌ಪ್ಯಾಕಿನಲ್ಲಿ ಯಾವ ಅನ್ವಯಕ್ಕೂ ಬೇಡವಾದ ಆಧಾರಭಾಗಗಳು ಉಳಿದಿರುತ್ತವೆ. ಇವನ್ನು ಆಯಾ ಪದ್ಧತಿಯ ಆಜ್ಞೆಗಳಿಂದಲೇ ತೆಗೆಯಬೇಕು. ಡಾಕರ್ ಬಳಸುವ ಪ್ರಯೋಗಶಾಲೆಗಳಲ್ಲಿ ‘ಡಾಕರ್ ಸಿಸ್ಟಂ ಪ್ರೂನ್’ ಎಂಬುದರಿಂದ ಹಲವು ಗಿಗಾಬೈಟುಗಳು ಮರಳಬಹುದು. ಆದರೆ ಅದರೊಡನೆ ‘ವಾಲ್ಯೂಮ್ಸ್’ ಎಂಬ ಸೂಚನೆಯನ್ನು ಸೇರಿಸಿದರೆ ದತ್ತಾಂಶಗಳನ್ನಿರಿಸಿದ ಸಂಪುಟಗಳಿಗೂ ಕುತ್ತು ಬರುತ್ತದೆ. ಒಂದೇ ಪದದಿಂದ ಮೊದಲನೆಯ ವರ್ಗದ ಕೆಲಸ ಮೂರನೆಯ ವರ್ಗಕ್ಕೆ ಜಾರುತ್ತದೆ.

ಎರಡನೆಯ ವರ್ಗದಲ್ಲಿ ದಿನಚರಿಗಳು ಬರುತ್ತವೆ. ‘ಸಿಸ್ಟಂ-ಡಿ’ ಬಳಸುವ ವ್ಯವಸ್ಥೆಗಳಲ್ಲಿ ‘ಜರ್ನಲ್’ ಎಂಬ ದಿನಚರಿಯು, ಬೇರೆ ಮಿತಿಯನ್ನು ವಿಧಿಸದಿದ್ದರೆ, ಕಡತವ್ಯವಸ್ಥೆಯ ಶೇಕಡ ೧೦ರವರೆಗೆ, ಆದರೆ ೪ ಗಿಗಾಬೈಟನ್ನು ಮೀರದಂತೆ, ಬೆಳೆಯಬಲ್ಲದು. ನಮ್ಮ ಉದಾಹರಣೆಯ ವಿಭಾಗದಲ್ಲಿ ಇದು ಎರಡೂವರೆ ಗಿಗಾಬೈಟಾಗುತ್ತದೆ. ‘ಜರ್ನಲ್-ಸಿಟಿಎಲ್’ ಆಜ್ಞೆಗೆ ‘ವ್ಯಾಕ್ಯೂಮ್-ಸೈಜ್’ ಎಂಬ ಸೂಚನೆಯೊಡನೆ ೨೦೦ ಮೆಗಾಬೈಟ್ ಎಂದು ಮಿತಿ ಕೊಟ್ಟರೆ ಹಳೆಯ ಭಾಗ ಹೋಗುತ್ತದೆ. ಸಂರಚನೆಯ ಕಡತದಲ್ಲಿಯೂ ಅದೇ ಮಿತಿಯನ್ನು ಬರೆದರೆ ಮತ್ತೆ ಬೆಳೆಯದು. ಆದರೆ ದಿನಚರಿ ದಿಢೀರನೆ ಉಬ್ಬಿದ್ದರೆ ಅದು ರೋಗವಲ್ಲ, ರೋಗದ ಲಕ್ಷಣ. ಯಾವುದೋ ಸೇವೆ ಒಂದೇ ದೋಷವನ್ನು ಕ್ಷಣಕ್ಷಣಕ್ಕೂ ವರದಿಮಾಡುತ್ತಿರಬಹುದು. ಅಳಿಸುವ ಮುನ್ನ ಕೊನೆಯ ಕೆಲವು ಸಾಲುಗಳನ್ನಾದರೂ ಓದುವುದು ಉಚಿತ.

ಮೂರನೆಯ ವರ್ಗಕ್ಕೆ ಸೇರಿದವು ‘ವಾರ್’ನೊಳಗಿನ ‘ಲಿಬ್’ ಎಂಬ ಕೋಶದಲ್ಲಿವೆ. ಮೈ-ಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೊದಲಾದ ದತ್ತಸಂಚಯಗಳು ಸಾಮಾನ್ಯವಾಗಿ ನೆಲಸುವುದು ಅಲ್ಲಿಯೇ. ಡೆಬಿಯನ್ ಬಳಗದಲ್ಲಿ ಯಾವ ಯಾವ ತಂತ್ರಾಂಶ ಸ್ಥಾಪಿತವಾಗಿದೆ ಎಂಬ ‘ಡಿಪಿಕೆಜಿ’ಯ ಪಟ್ಟಿ ಇರುವುದೂ ಅಲ್ಲಿಯೇ. ಇವನ್ನು ಕೈಯಿಂದ ಅಳಿಸುವುದು ಎಂದಿಗೂ ಸಲ್ಲದು. ‘ಆರ್‌ಎಂ’ ಆಜ್ಞೆಗೆ ಕಸದಬುಟ್ಟಿಯಿಲ್ಲ. ಅಳಿಸಿದ್ದನ್ನು ಮರಳಿ ಎತ್ತಿಕೊಳ್ಳುವ ಅವಕಾಶವೂ ಇಲ್ಲವೆಂದೇ ತಿಳಿಯಬೇಕು.

೫. ಕನ್ನಡ ಬಳಕೆದಾರರು ಗಮನಿಸಬೇಕಾದ ಅಂಶ

ಸ್ಥಳ ಉಳಿಸುವ ಸಲಹೆಗಳಲ್ಲಿ ‘ಬೇಡದ ಭಾಷೆಗಳನ್ನು ತೆಗೆಯಿರಿ’ ಎಂಬುದೂ ಒಂದು. ‘ಯುಎಸ್ಆರ್’ ಕೋಶದ ಒಳಗೆ, ‘ಶೇರ್’ನಲ್ಲಿರುವ ‘ಲೊಕೇಲ್’ ಎಂಬ ಭಾಗದಲ್ಲಿ, ಅನ್ವಯಗಳ ಸಂದೇಶಗಳ ಅನುವಾದಗಳು ಭಾಷೆಗೊಂದು ಕೋಶದಂತೆ ಇರುತ್ತವೆ. ಕನ್ನಡದ್ದು ‘ಕೆ-ಎನ್’ ಎಂಬ ಎರಡಕ್ಷರದ ಕೋಶ. ‘ಲೊಕೇಲ್-ಪರ್ಜ್’ ಎಂಬಂಥ ಉಪಕರಣಗಳು ನಾವು ಗುರುತುಮಾಡದ ಭಾಷೆಗಳನ್ನೆಲ್ಲ ಅಳಿಸುತ್ತವೆ. ಇಂಗ್ಲಿಷನ್ನು ಮಾತ್ರ ಗುರುತುಮಾಡಿ ಮುಂದುವರಿದರೆ, ಸ್ವಯಂಸೇವಕರು ಶ್ರಮವಹಿಸಿ ಮಾಡಿದ ಕನ್ನಡ ಅನುವಾದಗಳು ಆ ಗಣಕದಿಂದ ಸದ್ದಿಲ್ಲದೆ ಮರೆಯಾಗುತ್ತವೆ. ಪರದೆಯನ್ನು ಕನ್ನಡದಲ್ಲಿ ನೋಡಬಯಸುವ ವಿದ್ಯಾರ್ಥಿಗೆ ಕಾರಣವೇ ತಿಳಿಯದು. ಲಭಿಸುವ ಸ್ಥಳವಾದರೋ ಕರ್ನೆಲುಗಳಿಂದಲೂ ದಿನಚರಿಯಿಂದಲೂ ದೊರೆಯುವುದಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಅಲ್ಪ. ಇದನ್ನು ಕೊನೆಯ ಉಪಾಯವೆಂದು ಇಟ್ಟುಕೊಳ್ಳುವುದೂ, ಮಾಡಲೇಬೇಕಾದರೆ ಕನ್ನಡವನ್ನು ಉಳಿಸಿಕೊಳ್ಳುವುದೂ ಒಳ್ಳೆಯದು.

೬. ಶಾಶ್ವತ ಪರಿಹಾರ

ಮೇಲ್ಕಂಡ ಕ್ರಮಗಳು ತಾತ್ಕಾಲಿಕ ಶಮನಗಳೇ ಹೊರತು ಚಿಕಿತ್ಸೆಯಲ್ಲ. ಪ್ರತಿ ತಿಂಗಳೂ ಇದೇ ಶುಚಿಕಾರ್ಯ ಬೇಕಾಗುತ್ತಿದ್ದರೆ ವಿಭಾಗವೇ ಚಿಕ್ಕದೆಂದು ಒಪ್ಪಬೇಕು. ಆಗ ಎರಡು ಮಾರ್ಗಗಳುಂಟು.

ಒಂದು, ಬೆಳೆಯುವ ಕೋಶವನ್ನು ದೊಡ್ಡ ವಿಭಾಗಕ್ಕೆ ಸಾಗಿಸುವುದು. ಸಂಬಂಧಪಟ್ಟ ಸೇವೆಯನ್ನು ಮೊದಲು ನಿಲ್ಲಿಸಬೇಕು. ಕಡತಗಳನ್ನು ಅವುಗಳ ಒಡೆತನ ಮತ್ತು ಅನುಮತಿಗಳೊಡನೆ ‘ಆರ್-ಸಿಂಕ್’ ಮೂಲಕ ನಕಲುಮಾಡಬೇಕು. ಹೊಸ ಸ್ಥಾನವನ್ನು ‘ಎಫ್ಎಸ್-ಟ್ಯಾಬ್’ ಪಟ್ಟಿಯಲ್ಲಿ ಬರೆದು ಹಳೆಯ ಸ್ಥಾನಕ್ಕೆ ಮೌಂಟ್ ಮಾಡಬೇಕು. ಎಲ್ಲವೂ ಸರಿಯಾಗಿ ನಡೆಯುವುದನ್ನು ಕಂಡಮೇಲೆಯೇ ಹಳೆಯ ಪ್ರತಿಯನ್ನು ಅಳಿಸಬೇಕು. ಆ ಪ್ರತಿ ಈಗ ಹೊಸ ಮೌಂಟಿನ ಅಡಿಯಲ್ಲಿ ಹುದುಗಿರುತ್ತದೆಂಬುದನ್ನು ಮೂರನೆಯ ಭಾಗದ ವಿವರಣೆಯಿಂದ ವಾಚಕರು ಊಹಿಸಬಲ್ಲರು; ಅದನ್ನು ಮರೆತರೆ ಒಂದು ಬೈಟೂ ಉಳಿತಾಯವಾಗದು.

ಇನ್ನೊಂದು, ಮೂಲವಿಭಾಗವನ್ನೇ ಹಿಗ್ಗಿಸುವುದು. ಎಲ್‌ವಿಎಂ ಎಂಬ ತಾರ್ಕಿಕ ಸಂಪುಟಗಳ ಪದ್ಧತಿಯಲ್ಲಿ ಸ್ಥಾಪನೆಯಾಗಿದ್ದು, ಬಳಸದ ಸ್ಥಳ ಕೈಯಲ್ಲಿದ್ದರೆ ಇದು ಸುಲಭ. ‘ಎಕ್ಸ್ಟ್-೪’ ಅನ್ನು ಗಣಕ ನಡೆಯುತ್ತಿರುವಾಗಲೇ ಹಿಗ್ಗಿಸಬಹುದು. ಕುಗ್ಗಿಸುವುದಾದರೆ ಆ ವಿಭಾಗ ಮೌಂಟ್ ಆಗಿರಬಾರದು. ಆದ್ದರಿಂದ ‘ಹೋಮ್’ನಿಂದ ಸ್ಥಳ ಕಿತ್ತು ಮೂಲಕ್ಕೆ ಕೊಡುವ ಕೆಲಸವನ್ನು ಹೊರಗಿನ ಲೈವ್ ಡಿಸ್ಕಿನಿಂದ ಗಣಕವನ್ನು ಎಬ್ಬಿಸಿ ಮಾಡುವುದು ವಾಡಿಕೆ. ಮೊದಲು ಬೇರೊಂದು ಡಿಸ್ಕಿಗೆ ಪೂರ್ಣಪ್ರತಿ ತೆಗೆಯದೆ ಈ ಕೆಲಸಕ್ಕೆ ಕೈಹಾಕಬಾರದು.

೭. ಉಪಸಂಹಾರ

ಸ್ಥಳಾಭಾವದ ಪ್ರಸಂಗದಲ್ಲಿ ನಿಜವಾದ ಅಪಾಯ ಡಿಸ್ಕು ತುಂಬುವುದಕ್ಕಿಂತಲೂ, ತುಂಬಿದ ಮೇಲೆ ಆತುರದಿಂದ ಅಳಿಸುವುದರಲ್ಲಿ ಹೆಚ್ಚು. ಮೊದಲು ‘ಡಿಎಫ್’, ಆಮೇಲೆ ‘ಡಿಯು’, ಎರಡರ ನಡುವಣ ಅಂತರದ ವಿಚಾರಣೆ. ಅನಂತರ ಮೂರು ವರ್ಗಗಳ ವಿಂಗಡಣೆ. ಕೊನೆಗೆ, ಆಯಾ ವಸ್ತುವನ್ನು ತಂದಿರಿಸಿದ ಸಾಧನದಿಂದಲೇ ಅದರ ವಿಸರ್ಜನೆ: ಈ ಕ್ರಮವನ್ನು ಅನುಸರಿಸಿದರೆ ಹಾನಿಯ ಸಂಭವ ಬಹುಮಟ್ಟಿಗೆ ತಪ್ಪುತ್ತದೆ. ಅಧ್ಯಾಪಕರು ಇದನ್ನು ಪ್ರಯೋಗಶಾಲೆಯಲ್ಲಿ ಒಂದು ಅಭ್ಯಾಸವಾಗಿ ಕೊಡಬಹುದು. ಬಳಕೆಗೆ ಬೇಡವಾದ ಒಂದು ಗಣಕದಲ್ಲಿ ದೊಡ್ಡ ಕಡತವೊಂದನ್ನು ತೆರೆದಿಟ್ಟು, ಅದರ ಹೆಸರನ್ನು ಅಳಿಸಿ, ‘ಡಿಎಫ್’ ಮತ್ತು ‘ಡಿಯು’ಗಳ ಉತ್ತರಗಳನ್ನು ವಿದ್ಯಾರ್ಥಿಗಳಿಂದಲೇ ಹೋಲಿಸಿ ನೋಡಿಸಿದರೆ, ಕಡತವೆಂದರೇನು, ಹೆಸರೆಂದರೇನು ಎಂಬ ತತ್ತ್ವ ಹಲವು ಪುಟಗಳ ಓದಿಗಿಂತ ಚೆನ್ನಾಗಿ ಅವರ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.